ಬಿಷಪ್‌ಗಳ ಬಾಯಿ ಮುಚ್ಚಿಸುವ ಮುನ್ನ

ಮನೋರೋಗವೊಂದನ್ನೇ ಕಾರಣವಾಗಿ ಒಪ್ಪಿ ದಯಾಮರಣ ಕೊಡುವ ಅವಕಾಶ ಕೆನಡಾದಲ್ಲಿ 2023ರ ಮಾರ್ಚ್‌ನಲ್ಲೇ ಜಾರಿಯಾಗಬೇಕಿತ್ತು. ಅದು 2024ಕ್ಕೆ ಹೋಯಿತು, ಅಲ್ಲಿಂದ 2027ಕ್ಕೆ. ಹೀಗೆ ಮುಂದೂಡುತ್ತಾ ಕೂರುವ ಬದಲು ಈ ಬಾಗಿಲನ್ನೇ ಮುಚ್ಚಿಬಿಡಿ ಎನ್ನುವ ಸಿ-218 ಮಸೂದೆ 2025ರ ಜೂನ್‌ನಲ್ಲಿ ಅಲ್ಲಿನ ಸಂಸತ್ತಿನಲ್ಲಿ ಮಂಡನೆಯಾಯಿತು. ಕ್ಯಾಥೊಲಿಕ್ ಬಿಷಪ್‌ಗಳು ಈ ವಿಸ್ತರಣೆ ಬೇಡವೆಂದು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ನಿಮ್ಮ ಧರ್ಮವನ್ನು ಆಸ್ಪತ್ರೆಯ ಹೊರಗಿಡಿ ಎಂಬುದು ಅವರಿಗೆ ಸಿಗುವ ಸಿದ್ಧ ಉತ್ತರ.

ಬಿಷಪ್‌ಗಳು ಹೇಳುತ್ತಿರುವುದು ಸರಿ. ದೇವರ ಹೆಸರಿನಲ್ಲಿ ಹೇಳಿದರು ಎಂಬ ಒಂದೇ ಕಾರಣಕ್ಕೆ ಅದು ತಪ್ಪಾಗುವುದಿಲ್ಲ. ಆದರೆ ಅವರ ಕೈಯಲ್ಲಿರುವ ಅತಿ ಬಲವಾದ ಸಾಕ್ಷ್ಯವನ್ನು ಅವರೂ ಮುಂದಿಡುತ್ತಿಲ್ಲ, ಎದುರಾಳಿಗಳೂ ನೋಡುತ್ತಿಲ್ಲ.

ಆ ಸಾಕ್ಷ್ಯವೆಂದರೆ 66ರಲ್ಲಿ 37. ನೆದರ್‌ಲ್ಯಾಂಡ್ಸ್‌ನಲ್ಲಿ ಮನೋರೋಗಿಗಳಿಗೆ 2011ರಿಂದ 2014ರ ನಡುವೆ ಕೊಟ್ಟ ದಯಾಮರಣದ 66 ಪ್ರಕರಣಗಳ ವರದಿಗಳನ್ನು ಮನೋವೈದ್ಯ ಸ್ಕಾಟ್ ಕಿಮ್ ಮತ್ತು ಸಂಗಡಿಗರು ಪರಿಶೀಲಿಸಿ, 2016ರಲ್ಲಿ ‘ಜಾಮಾ ಸೈಕಿಯಾಟ್ರಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 37 ವರದಿಗಳಲ್ಲಿ ಒಂಟಿತನದ ಮಾತಿದೆ. ಸತ್ತವರಲ್ಲಿ ಶೇ 70ರಷ್ಟು ಮಹಿಳೆಯರು. ಅವರಲ್ಲೊಬ್ಬರು ಎಪ್ಪತ್ತು ದಾಟಿದ ವಿಧವೆ. ಗಂಡ ತೀರಿಕೊಂಡ ಮೇಲೆ ಬದುಕು ಅವರಿಗೆ ನರಕವಾಗಿತ್ತು. ಆದರೆ ಅವರಿಗೆ ಖಿನ್ನತೆಯೇ ಇಲ್ಲ, ಊಟ-ನಿದ್ದೆ ಚೆನ್ನಾಗಿದೆ, ಸುದ್ದಿಗಳನ್ನೂ ಗಮನಿಸುತ್ತಾರೆ ಎಂದು ಪರೀಕ್ಷಿಸಿದ ವೈದ್ಯರೇ ಬರೆದಿದ್ದರು. ಈ ಹೆಂಗಸಿಗೆ ಇದ್ದ ರೋಗ ಯಾವುದು? ಗಂಡನಿಲ್ಲದ ಮನೆಗೆ ಚುಚ್ಚುಮದ್ದು ಪರಿಹಾರವೇ?

ಮನಸ್ಸಿನ ನೋವು ದೇಹದ ನೋವಿಗಿಂತ ಕಡಿಮೆಯೇನಲ್ಲ, ಕ್ಯಾನ್ಸರ್ ರೋಗಿಗೆ ಕೊಡುವ ಹಕ್ಕನ್ನು ಇವರಿಗೆ ನಿರಾಕರಿಸುವುದು ತಾರತಮ್ಯ ಎಂಬ ವಾದವಿದೆ. ನೋವಿನ ಮಟ್ಟಿಗೆ ಒಪ್ಪುತ್ತೇನೆ. ಆದರೆ ಇಲ್ಲಿ ತೀರ್ಮಾನವಾಗಬೇಕಿರುವುದು ರೋಗ ವಾಸಿಯಾಗುತ್ತದೆಯೇ ಇಲ್ಲವೇ ಎಂಬುದು. ಅದೇ 66ರಲ್ಲಿ ಸುಮಾರು ಕಾಲು ಭಾಗ ಪ್ರಕರಣಗಳಲ್ಲಿ ವೈದ್ಯರಲ್ಲೇ ಒಮ್ಮತವಿರಲಿಲ್ಲ. ಹಾಗಿದ್ದೂ ಸಾವು ಕೊಡಲಾಯಿತು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥ ಸಾವು 2, 2024ರಲ್ಲಿ 219.

ಧರ್ಮದ ಹೆಸರಿನ ವಾದವೊಂದೇ ಸಾಲದು ಎಂಬುದಕ್ಕೆ ಬೆಲ್ಜಿಯಂ ನೋಡಿ. 1807ರಲ್ಲಿ ಗೆಂಟ್‌ನಲ್ಲಿ ಹುಟ್ಟಿದ ‘ಬ್ರದರ್ಸ್ ಆಫ್ ಚಾರಿಟಿ’ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘ ಅಲ್ಲಿ ಮನೋರೋಗ ಆಸ್ಪತ್ರೆಗಳನ್ನು ನಡೆಸುತ್ತಿದೆ. 2017ರಲ್ಲಿ ಆ ಆಸ್ಪತ್ರೆಗಳ ಆಡಳಿತ ಮಂಡಳಿ ದಯಾಮರಣಕ್ಕೆ ದಾರಿ ಬಿಟ್ಟಿತು. ಪೋಪ್ ತಡೆದರೂ ಮಂಡಳಿ ಜಗ್ಗಲಿಲ್ಲ. 2020ರಲ್ಲಿ ಆ ಆಸ್ಪತ್ರೆಗಳನ್ನು ಇನ್ನು ಕ್ಯಾಥೊಲಿಕ್ ಎನ್ನುವಂತಿಲ್ಲ ಎಂದು ವ್ಯಾಟಿಕನ್ ಹೇಳಿತು. ಜಗಳವೆಲ್ಲ ನಾಮಫಲಕದ ಮೇಲೆ ನಡೆಯಿತು, ವಾರ್ಡಿನಲ್ಲಿ ಮಲಗಿದ್ದವರ ಬಗ್ಗೆ ನಡೆದ ಚರ್ಚೆ ಕಡಿಮೆ. ಕೆನಡಾದ ಬಿಷಪ್‌ಗಳು ಇದೇ ಹಾದಿ ಹಿಡಿದರೆ ಸೋಲುತ್ತಾರೆ. ಜೀವ ಪವಿತ್ರವೆಂಬ ಮಾತನ್ನು ನಂಬದ ಸಂಸದನೂ ಈ 37ಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. 2027ರ ಮಾರ್ಚ್‌ಗೆ ಮೊದಲು ಬಿಷಪ್‌ಗಳು ಸಂಸತ್ತಿನ ಮುಂದಿಡಬೇಕಾದದ್ದು ಆ ವರದಿಗಳನ್ನು. ಜೊತೆಗೆ, ಒಂಟಿಯಾದವರ ಮನೆಗೆ ವಾರಕ್ಕೊಮ್ಮೆಯಾದರೂ ಹೋಗಿ ಬರಲು ತಮ್ಮ ಚರ್ಚುಗಳಿಂದ ಎಷ್ಟು ಜನರನ್ನು ಕಳಿಸುತ್ತೇವೆ ಎಂಬ ಲೆಕ್ಕವನ್ನೂ.