ನಗೆಪಾಟಲಾದ ಮುದಿ ಸಿಪಾಯಿ



ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗ ಕುಮಟೆಗೆ ಬಂದಿದ್ದಾಗ ಅವನೊಡನೆ ಕುಳಿತು ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಕಾರ್ಟೂನು ಸರಣಿಯನ್ನು ನೋಡಿದೆ. 1989ರಲ್ಲಿ ಆರಂಭವಾದ ಆ ಸರಣಿಯಲ್ಲಿ ಏಬ್ ಸಿಂಪ್ಸನ್ ಎಂಬ ಅಜ್ಜನೊಬ್ಬನಿದ್ದಾನೆ. ಎರಡನೆಯ ಮಹಾಯುದ್ಧದಲ್ಲಿ ಕಾದಾಡಿದವನು, ಈಗ ವೃದ್ಧಾಶ್ರಮವಾಸಿ. ಅವನು ಬಾಯಿ ತೆರೆದರೆ ತಲೆಬುಡವಿಲ್ಲದ ಕಥೆ, ಕೇಳುವವರಿಗೆ ಆಕಳಿಕೆ. ಮೊಮ್ಮಗ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. “ಅಜ್ಜಾ, ಇದು ಬರೀ ಕಾರ್ಟೂನು” ಎಂದು ನನ್ನನ್ನೇ ಸಮಾಧಾನಪಡಿಸಿದ.

‘ಬರೀ ಕಾರ್ಟೂನು’ ಎಂಬ ಮಾತನ್ನು ನಾನು ಒಪ್ಪಲಾರೆ. ಯಾರನ್ನು ಗೌರವಿಸಬೇಕೆಂಬುದನ್ನು ಮಕ್ಕಳು ಪಾಠದಿಂದ ಕಲಿಯುವುದಕ್ಕೆ ಮುಂಚೆ, ಯಾರನ್ನು ನೋಡಿ ನಗಬಹುದೆಂಬುದನ್ನು ಆಟದಿಂದ ಕಲಿತಿರುತ್ತಾರೆ.

ನಾನು ಹಾಸ್ಯದ ವಿರೋಧಿಯಲ್ಲ. ಕೆರೆಮನೆ ಮೇಳದ, ಕರ್ಕಿಯ ಹಾಸ್ಯಗಾರ ಮನೆತನದ ನೆಲದಲ್ಲಿ ಹುಟ್ಟಿದವನು ಹಾಗಿರಲು ಸಾಧ್ಯವೂ ಇಲ್ಲ. ಆದರೆ ನಮ್ಮ ಆಟಗಳಲ್ಲಿ ನಾವು ನಕ್ಕಿದ್ದು ಯಾರನ್ನು ಕಂಡು? ಅಂತಃಪುರದಲ್ಲಿ ಪೌರುಷ ಕೊಚ್ಚಿ, ಕೌರವಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದ ಉತ್ತರಕುಮಾರನನ್ನು. ಶರಶಯ್ಯೆಯ ಭೀಷ್ಮನನ್ನು ಕಂಡು ಯಾರೂ ನಗಲಿಲ್ಲ. ಯುದ್ಧಕ್ಕೆ ಹೋಗದೆ ಬಡಾಯಿ ಕೊಚ್ಚಿದವನಿಗೂ ಹೋಗಿಬಂದು ಮುಪ್ಪಾದವನಿಗೂ ಇರುವ ಅಂತರ ನಮ್ಮ ಹಳ್ಳಿಯ ಪ್ರೇಕ್ಷಕನಿಗೆ ತಿಳಿದಿತ್ತು.

ನ್ಯಾಯಕ್ಕಾಗಿ ಒಂದು ಮಾತು ಹೇಳಬೇಕು. ಅದೇ ಸರಣಿಯ 1996ರ ಒಂದು ಕಂತಿನಲ್ಲಿ, ಈ ಅಜ್ಜ ನಿಜಕ್ಕೂ ಒಂದು ತುಕಡಿಯನ್ನು ಮುನ್ನಡೆಸಿದವನೆಂದು ಅವನನ್ನು ನಂಬದಿದ್ದ ಮೊಮ್ಮಗನಿಗೆ ತಿಳಿಯುತ್ತದೆ. ಆದರೆ ನೂರಾರು ಕಂತುಗಳ ನಗೆಯನ್ನು ಒಂದು ಕಂತಿನ ಗೌರವ ತೊಳೆದೀತೇ?

ಆಗ ಮೊಮ್ಮಗನನ್ನು ಕೇಳಿದೆ: “ರಾಮ ರಾಘೋಬಾ ರಾಣೆ ಯಾರು ಗೊತ್ತೇ?” ಗೊತ್ತಿರಲಿಲ್ಲ. 1918ರಲ್ಲಿ ಕಾರವಾರದ ಸಮೀಪದ ಚೆಂಡಿಯಾದಲ್ಲಿ, ನಮ್ಮದೇ ಜಿಲ್ಲೆಯಲ್ಲಿ ಹುಟ್ಟಿದವರು. 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾ–ರಜೌರಿ ಹಾದಿಯಲ್ಲಿ, ಗಾಯಗೊಂಡಿದ್ದರೂ, ಶತ್ರುಗಳ ಗುಂಡಿನ ಮಳೆಯಲ್ಲಿ ನೆಲಬಾಂಬುಗಳನ್ನು ಕಿತ್ತು, ತಡೆಗಳನ್ನು ಸರಿಸಿ, ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಪರಮವೀರ ಚಕ್ರ ಪಡೆದರು. ಮೇಜರ್ ಆಗಿ ನಿವೃತ್ತರಾಗಿ 1994ರಲ್ಲಿ ತೀರಿಕೊಂಡರು. ಕಾರವಾರದಲ್ಲಿ ಅವರ ಪ್ರತಿಮೆಯಿದೆ. ಅದರ ಮುಂದೆ ಫೋಟೋ ತೆಗೆಸಿಕೊಂಡವರಲ್ಲಿ ಎಷ್ಟು ಮಂದಿ ಹೆಸರನ್ನು ಓದಿದ್ದೀರಿ?

ಈಗ ನನ್ನ ತಪ್ಪೊಪ್ಪಿಗೆ. ಹೊನ್ನಾವರ ತಾಲೂಕಿನ ಶಾಲೆಯೊಂದರಲ್ಲಿದ್ದಾಗ ಒಂದು ಸ್ವಾತಂತ್ರ್ಯ ದಿನಕ್ಕೆ 1965ರ ಯುದ್ಧ ಕಂಡಿದ್ದ ಹವಾಲ್ದಾರರೊಬ್ಬರನ್ನು ಕರೆದಿದ್ದೆವು. ಅವರ ಮಾತು ಉದ್ದವಾಯಿತು, ಹೇಳಿದ್ದನ್ನೇ ಹೇಳಿದರು, ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ನಾನು ಜವಾನನಿಗೆ ಸನ್ನೆ ಮಾಡಿ ಗಂಟೆ ಹೊಡೆಸಿದೆ. ಅವರು ಅರ್ಧಕ್ಕೇ ನಿಲ್ಲಿಸಿ, ನೆಟ್ಟಗೆ ನಿಂತು ಧ್ವಜಕ್ಕೆ ಸೆಲ್ಯೂಟ್ ಹೊಡೆದು ಹೋದರು. ಮತ್ತೆಂದೂ ಶಾಲೆಗೆ ಬರಲಿಲ್ಲ. ಆ ಕಥೆಯ ಉಳಿದರ್ಧ ಈಗ ಯಾರ ಬಳಿಯೂ ಇಲ್ಲ.

ಅಮೆರಿಕದ ಕಾರ್ಟೂನನ್ನು ಬೈದು ನಾನು ಪಾರಾಗಲಾರೆ. ಅಂದು ಆ ಮುದಿ ಸಿಪಾಯಿಯನ್ನು ಕಾರ್ಟೂನು ಮಾಡಿದವನು ನಾನೇ.

ಭಟ್ಕಳದಿಂದ ಕುಮಟೆಯವರೆಗೆ ನಿಮ್ಮ ನಿಮ್ಮ ಕೇರಿಯಲ್ಲಿ ಅಂಥ ಒಬ್ಬರಿದ್ದರೆ ಹೋಗಿ ಕುಳಿತುಕೊಳ್ಳಿ. ಹೇಳಿದ್ದನ್ನೇ ಹೇಳಲಿ, ಬರೆದುಕೊಳ್ಳಿ. ಗಂಟೆ ಮಾತ್ರ ಹೊಡೆಯಬೇಡಿ.