ಬಚ್ಚಿಟ್ಟ ದಲ್ಲಾಳಿ

ದಲ್ಲಾಳಿಯ ವೃತ್ತಿ ಹೀನವಾದುದಲ್ಲ. ಕೊಳ್ಳುವವನನ್ನೂ ಮಾರುವವನನ್ನೂ ಒಂದೆಡೆ ಕೂಡಿಸಿ, ಆ ಶ್ರಮಕ್ಕೆ ಇಂತಿಷ್ಟು ಪ್ರತಿಫಲವೆಂದು ಮೊದಲೇ ತಿಳಿಸಿ ಪಡೆದ ಹಣ ನ್ಯಾಯಾರ್ಜಿತವೇ ಸರಿ. ಆಕ್ಷೇಪವಿರುವುದು ಅದನ್ನು ಮರೆಮಾಚಿ ಪಡೆಯುವ ರೀತಿಯ ಬಗ್ಗೆ. ವಿದೇಶಿ ಕರೆನ್ಸಿಗಳ ಚಿಲ್ಲರೆ ವಹಿವಾಟಿನಲ್ಲಿ ಇಂದು ‘ಕಮಿಷನ್ ಇಲ್ಲ’ ಎಂಬ ಘೋಷಣೆ ಮತ್ತೆ ಮತ್ತೆ ಕೇಳಿಬರುತ್ತದೆ. ಪ್ರತಿಫಲವಿಲ್ಲದೆ ಅಂಗಡಿ ತೆರೆದು ಕುಳಿತ ವ್ಯಾಪಾರಿ ಲೋಕದಲ್ಲಿ ಎಲ್ಲಿಯಾದರೂ ಉಂಟೆ?

ಈ ವಹಿವಾಟಿನಲ್ಲಿ ಒಂದೇ ಕ್ಷಣದಲ್ಲಿ ಎರಡು ಬೆಲೆಗಳಿರುತ್ತವೆ. ಗ್ರಾಹಕನು ಕೊಳ್ಳುವಾಗ ತೆರುವ ಬೆಲೆ ಹೆಚ್ಚು. ಮಾರುವಾಗ ಅವನಿಗೆ ದೊರೆಯುವ ಬೆಲೆ ಕಡಿಮೆ. ಇವೆರಡರ ಅಂತರಕ್ಕೆ ‘ಸ್ಪ್ರೆಡ್’ ಎಂದು ಹೆಸರು. ಯೂರೋ ಮತ್ತು ಡಾಲರುಗಳ ಜೋಡಿಯಲ್ಲಿ ದಶಮಾಂಶದ ನಾಲ್ಕನೆಯ ಸ್ಥಾನದ ಒಂದು ಅಂಕವನ್ನು ‘ಪಿಪ್’ ಎನ್ನುತ್ತಾರೆ. ಪೂರ್ಣ ಲಾಟ್ ಎಂದರೆ 1,00,000 ಯೂರೋ. ಅದರಲ್ಲಿ ಒಂದು ಪಿಪ್‌ನ ಮೌಲ್ಯ 10 ಡಾಲರ್. ಮಾರುವ ಬೆಲೆ 1.1000, ಕೊಳ್ಳುವ ಬೆಲೆ 1.1002 ಆಗಿದ್ದರೆ, ಕೊಂಡು ಕೂಡಲೇ ಮಾರಿದವನಿಗೆ 20 ಡಾಲರ್ ನಷ್ಟ. ಇನ್ನೊಬ್ಬ ದಲ್ಲಾಳಿ ಈ ಅಂತರವನ್ನು 0.2 ಪಿಪ್‌ಗೆ ಇಳಿಸಿ, ಕೊಳ್ಳುವುದಕ್ಕೂ ಮಾರುವುದಕ್ಕೂ ಸೇರಿಸಿ 7 ಡಾಲರ್ ಕಮಿಷನ್ ಕೇಳಿದನೆಂದಿಟ್ಟುಕೊಂಡರೆ, ಒಟ್ಟು ವೆಚ್ಚ 9 ಡಾಲರ್ ಮಾತ್ರ. ಕೇಳಿ ಪಡೆದವನು ಕಡಿಮೆ ಪಡೆದ. ಏನೂ ಬೇಡವೆಂದವನು ಎರಡರಷ್ಟಕ್ಕೂ ಹೆಚ್ಚು ಪಡೆದ.

20 ಡಾಲರ್ ಅಲ್ಪವೆಂದು ತೋರಬಹುದು. ಆದರೆ ಸಂಸ್ಥೆ ನೀಡುವ ನೂರು ಪಟ್ಟಿನ ‘ಲೆವರೇಜ್’ನಿಂದ 1,10,000 ಡಾಲರಿನ ವಹಿವಾಟಿಗೆ ಇಳಿದವನ ಸ್ವಂತ ಠೇವಣಿ ಸುಮಾರು 1,100 ಡಾಲರ್ ಅಷ್ಟೆ. ವೆಚ್ಚ ಬೀಳುವುದು ಇಡೀ ವಹಿವಾಟಿನ ಮೇಲೆ, ಅದನ್ನು ಭರಿಸುವುದು ಈ ಸಣ್ಣ ಠೇವಣಿ. ಹತ್ತು ಬಾರಿ ಕೊಂಡು ಮಾರಿದರೆ, ಬೆಲೆ ಕದಲದಿದ್ದರೂ 200 ಡಾಲರ್ ಕರಗುತ್ತದೆ. ಅದು ಠೇವಣಿಯ ಐದನೆಯ ಒಂದು ಭಾಗಕ್ಕೆ ಸಮೀಪ. ಕರೆನ್ಸಿಗಳೂ ಒಳಗೊಂಡ ಸಿ.ಎಫ್.ಡಿ. ಒಪ್ಪಂದಗಳಲ್ಲಿ ಶೇ. 74ರಿಂದ 89ರಷ್ಟು ಚಿಲ್ಲರೆ ಖಾತೆಗಳು ನಷ್ಟ ಅನುಭವಿಸುತ್ತವೆಂದು ಯೂರೋಪಿನ ಮಾರುಕಟ್ಟೆ ನಿಯಂತ್ರಣ ಪ್ರಾಧಿಕಾರ 2018ರಲ್ಲಿ ತಿಳಿಸಿ, ಪ್ರಮುಖ ಕರೆನ್ಸಿಗಳ ಲೆವರೇಜನ್ನು 30 ಪಟ್ಟಿಗೆ ಸೀಮಿತಗೊಳಿಸಿತು.

ಇದಕ್ಕಿಂತ ಗುರುತರವಾದ ದೋಷ ಇನ್ನೊಂದಿದೆ. ಹಲವು ಸಂಸ್ಥೆಗಳು ಗ್ರಾಹಕನ ಆದೇಶವನ್ನು ಮಾರುಕಟ್ಟೆಗೆ ಒಯ್ಯದೆ ತಾವೇ ಎದುರು ಪಕ್ಷವಾಗಿ ನಿಲ್ಲುತ್ತವೆ. ಆಗ ಗ್ರಾಹಕನ ನಷ್ಟವೇ ಸಂಸ್ಥೆಯ ಲಾಭ. ಅಮೆರಿಕದ ಎಫ್.ಎಕ್ಸ್.ಸಿ.ಎಂ. ಸಂಸ್ಥೆ ತನ್ನ ವ್ಯವಸ್ಥೆಯಲ್ಲಿ ಇಂಥ ಹಿತಾಸಕ್ತಿಯ ಘರ್ಷಣೆಯಿಲ್ಲವೆಂದು ಗ್ರಾಹಕರನ್ನು ನಂಬಿಸಿತ್ತು. ಆದರೆ ಗ್ರಾಹಕರಿಗೆ ಎದುರಾಗಿ ವಹಿವಾಟು ನಡೆಸುತ್ತಿದ್ದ ಕಂಪನಿಯೊಂದರಿಂದ ಅದು 2010ರಿಂದ 2014ರ ನಡುವೆ ಸುಮಾರು 7.7 ಕೋಟಿ ಡಾಲರ್ ಪಡೆದಿತ್ತೆಂದು ಅಲ್ಲಿನ ಸಿ.ಎಫ್.ಟಿ.ಸಿ. ಆಯೋಗ 2017ರ ಫೆಬ್ರವರಿಯಲ್ಲಿ ಪ್ರಕಟಿಸಿತು. 70 ಲಕ್ಷ ಡಾಲರ್ ದಂಡದೊಂದಿಗೆ ಸಂಸ್ಥೆ ಅಮೆರಿಕದಲ್ಲಿನ ತನ್ನ ನೋಂದಣಿಯನ್ನೇ ತೊರೆಯಬೇಕಾಯಿತು.

ಭಾರತದಲ್ಲಿ ಕಾನೂನು ಸ್ಪಷ್ಟವಾಗಿದೆ. ವಿದೇಶಿ ದಲ್ಲಾಳಿಗೆ ಮಾರ್ಜಿನ್ ಹಣ ಕಳುಹಿಸಲು ಅನುಮತಿಯಿಲ್ಲ. ಅನಧಿಕೃತ ವೇದಿಕೆಗಳ ಕುರಿತು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ 34 ಹೆಸರುಗಳ ಎಚ್ಚರಿಕೆ ಪಟ್ಟಿಯನ್ನೇ ಹೊರಡಿಸಿತು. ಆದರೂ ಇಂಥ ವೇದಿಕೆಗಳು ಮನೆಯ ಬಾಗಿಲಿಗೆ ಬರುತ್ತವೆ, ಅದೂ ಪರಿಚಿತರ ಮೂಲಕ. ಹೊಸ ಗ್ರಾಹಕನನ್ನು ಕರೆತಂದವನಿಗೆ, ಆ ಗ್ರಾಹಕನ ಪ್ರತಿಯೊಂದು ಲಾಟ್‌ನ ಮೇಲೂ ಪಾಲು ಸಲ್ಲುವ ಏರ್ಪಾಡು ಈ ವ್ಯವಹಾರದಲ್ಲಿ ಸಾಮಾನ್ಯ. ಕರೆತಂದವನಿಗೆ ಬಂಧು ಗೆದ್ದರೂ ಸೋತರೂ ಒಂದೇ, ಆಡುತ್ತಲೇ ಇದ್ದರಾಯಿತು. ತನಗೆ ಬರುವ ಪಾಲನ್ನು ಹೇಳದೆ ‘ನಿನ್ನ ಒಳ್ಳೆಯದಕ್ಕೇ ಹೇಳಿದೆ’ ಎನ್ನುವವನು ಮಾರುತ್ತಿರುವುದು ಕರೆನ್ಸಿಯನ್ನಲ್ಲ, ಬಾಂಧವ್ಯವನ್ನು.

ಒಪ್ಪಂದದ ಪತ್ರದಲ್ಲಿ ಎಲ್ಲವನ್ನೂ ಮುದ್ರಿಸಿದೆ, ಓದದಿರುವುದು ಗ್ರಾಹಕನ ತಪ್ಪು ಎಂದು ಕೆಲವರು ವಾದಿಸುವುದುಂಟು. ಹತ್ತಾರು ಪುಟಗಳ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದುದು ಕಾನೂನಿಗೆ ಸಾಕಾಗಬಹುದು, ಧರ್ಮಕ್ಕೆ ಸಾಲದು. ಜಾಹೀರಾತಿನಲ್ಲಿ ದೊಡ್ಡದಾಗಿ ‘ಇಲ್ಲ’ ಎಂದುದು ಪತ್ರದಲ್ಲಿ ಸಣ್ಣದಾಗಿ ‘ಉಂಟು’ ಎಂದಾದರೆ, ಅಲ್ಲಿ ವಂಚಿಸುವ ಉದ್ದೇಶವಲ್ಲದೆ ಬೇರೇನಿದೆ?

ಆದ್ದರಿಂದ ದಲ್ಲಾಳಿ ತನ್ನ ಪ್ರತಿಫಲವನ್ನು, ಅದು ಕಮಿಷನ್ ಆಗಲಿ ಸ್ಪ್ರೆಡ್ ಆಗಲಿ, ಪ್ರತಿ ವಹಿವಾಟಿನ ಮೊದಲು ಒಂದೇ ಮೊತ್ತವಾಗಿ ಹೇಳಬೇಕು. ಎದುರು ಪಕ್ಷವಾಗಿ ನಿಲ್ಲುವವನು ತನ್ನನ್ನು ದಲ್ಲಾಳಿಯೆಂದು ಕರೆದುಕೊಳ್ಳಬಾರದು. ಬಂಧುವನ್ನು ಕರೆತರುವವನು ತನ್ನ ಪಾಲೆಷ್ಟೆಂದು ಮುಖಕ್ಕೆ ಮುಖ ಕೊಟ್ಟು ತಿಳಿಸಬೇಕು. ಹಾಗೆ ತಿಳಿಸಲು ನಾಲಗೆ ಏಳದಿದ್ದರೆ, ಆ ಹಣ ಮುಟ್ಟತಕ್ಕದ್ದಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.