ಸಿದ್ದಿ ಕಲಾವಿದರಿಗೆ ಸೊಪ್ಪಿನ ಉಡುಗೆಯೇ ಏಕೆ?

"ಆಫ್ರಿಕಾದ ರಕ್ತವಲ್ಲವೇ, ಕುಣಿತ ಹುಟ್ಟಿನಿಂದಲೇ ಬಂದಿರುತ್ತದೆ." ಸಿದ್ದಿ ಜನರನ್ನು ಕುರಿತು ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುವ ಈ ಮಾತು ಮೇಲ್ನೋಟಕ್ಕೆ ಹೊಗಳಿಕೆ. ನನಗಾದರೋ ಇದು ಅವಮಾನವೆಂದೇ ತೋರುತ್ತದೆ. ಕಲಿತು ಸಾಧಿಸಿದ ವಿದ್ಯೆಯನ್ನು ರಕ್ತದ ಲೆಕ್ಕಕ್ಕೆ ಬರೆದರೆ ಕಲಿತವರಿಗೆ ಉಳಿಯುವುದೇನು?

ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳಿದವರು. ಅವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ಇಷ್ಟು ಕಾಲ ಇಲ್ಲಿಯೇ ಇದ್ದವರು ನಮ್ಮ ಉತ್ಸವಗಳಲ್ಲಿ ಮಾತ್ರ ಇಂದಿಗೂ ಹೊರನಾಡಿನವರು.

1980ರ ದಶಕದಲ್ಲಿ ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿಗಳಿಂದ 'ಕಪ್ಪು ಜನ ಕೆಂಪು ನೆರಳು' ನಾಟಕವನ್ನು ಆಡಿಸಿದರು. ಅದರ ಮೂಲ ನೈಜೀರಿಯಾದ ಚಿನುವ ಅಚಿಬೆಯವರು 1958ರಲ್ಲಿ ಪ್ರಕಟಿಸಿದ ಕಾದಂಬರಿ. 'ತಮ್ಮ ಪೂರ್ವಜರ ಕಥೆಯನ್ನೇ ಆಡಿದರು' ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ನೈಜೀರಿಯಾ ಆಫ್ರಿಕಾದ ಪಶ್ಚಿಮಕ್ಕಿದೆ; ಸಿದ್ದಿಗಳ ಮೂಲವನ್ನು ವಿದ್ವಾಂಸರು ಗುರುತಿಸುವುದು ಹೆಚ್ಚಾಗಿ ಪೂರ್ವ ಕರಾವಳಿಯ ಕಡೆಗೆ. (ಭೂಪಟ ತೆಗೆದು ನೋಡಿರೆಂದು ತರಗತಿಯಲ್ಲಿ ಎಷ್ಟು ಬಾರಿ ಹೇಳಿಲ್ಲ!) ಪರರ ಆಳ್ವಿಕೆಯಲ್ಲಿ ಒಂದು ಊರಿನ ಬಾಳು ಒಡೆದುಹೋಗುವ ಆ ಕಥೆಯನ್ನು ಅವರು ತಮ್ಮ ದುಡಿಮೆಯಿಂದ ತಮ್ಮದಾಗಿಸಿಕೊಂಡರು. ಶೇಕ್ಸ್‌ಪಿಯರನನ್ನು ಆಡುವ ಕನ್ನಡಿಗನಲ್ಲಿ ಇಂಗ್ಲಿಷ್ ರಕ್ತವನ್ನು ಯಾರೂ ಹುಡುಕುವುದಿಲ್ಲವಷ್ಟೆ.

ಈಗ ಗಿರಿಜಾ ಸಿದ್ದಿಯವರನ್ನು ನೋಡಿ. ಹಿಂದೂಸ್ತಾನಿ ಸಂಗೀತ ಕಲಿತವರು, ನೀನಾಸಂನಲ್ಲಿ ರಂಗಶಿಕ್ಷಣ ಪಡೆದ ನಟಿ. 2021ರ 'ಸಲಗ' ಚಿತ್ರದ ಜನಪ್ರಿಯ ಹಾಡಿನಲ್ಲಿ ಗೀತಾ ಸಿದ್ದಿಯವರೊಡನೆ ಅವರ ದನಿಯೂ ಇದೆ. ಇಂಥವರ ಪಾಲಿಗೆ ಡಮಾಮಿಯ ಬಡಿತವೂ ಖಯಾಲಿನ ಆಲಾಪವೂ ಸ್ವಂತದ್ದೇ. ಒಂದನ್ನು 'ಅಸಲಿ' ಎಂದು ಕರೆದು ಇನ್ನೊಂದನ್ನು 'ಎರವಲು' ಎನ್ನಲು ನಾವು ಯಾರು?

ಕೌದಿಯ ಮಾತನ್ನೂ ಹೇಳಬೇಕು. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಗಳಲ್ಲಿ ಬಣ್ಣಗಳ ಲೆಕ್ಕಾಚಾರವಿದೆ. ಅಜ್ಜಿಯಿಂದ ಮೊಮ್ಮಗಳಿಗೆ ದಾಟಿದ ವಿದ್ಯೆ ಅದು. ನೈಜೀರಿಯಾದ ಯೊರೂಬಾ ಕಲೆಯ ವಿದ್ವಾಂಸರಾದ ಅಮೆರಿಕದ ಹೆನ್ರಿ ಡ್ರೂವಲ್ ಅವರು ಇಲ್ಲಿಗೆ ಬಂದು ಅವನ್ನು ಅಭ್ಯಸಿಸಿದರು. ಅಮೆರಿಕದಲ್ಲಿ ಪ್ರದರ್ಶನಗಳೂ ನಡೆದವು. ಕೆರೆಬಿಳಚಿಯ ನಮ್ಮ ಮನೆಗಳಲ್ಲಿಯೂ ಕೌದಿಗಳಿದ್ದವು. ಮೆತ್ತನೆಯ ಕಂಬಳಿ ಬಂದೊಡನೆ ಅವನ್ನು ದನದ ಕೊಟ್ಟಿಗೆಗೆ ಹಾಸಿದೆವು.

ಕೆಲವು ವರ್ಷಗಳ ಹಿಂದೆ ಈ ಭಾಗದ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮಕ್ಕಳ ಮುಖಕ್ಕೆ ಮಸಿ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ 'ಸಿದ್ದಿ ನೃತ್ಯ' ಮಾಡಿಸಿದರು. ನಾನು ಆಕ್ಷೇಪಿಸಿದಾಗ ದೊರೆತ ಉತ್ತರ: "ಸಾರ್, ಜನಕ್ಕೆ ಅದೇ ಇಷ್ಟ." ಜನಕ್ಕೆ ಇಷ್ಟವಾದುದನ್ನೇ ಕಲಿಸುವುದಾದರೆ ಶಾಲೆ ಏತಕ್ಕೆ?

ನನ್ನ ಶಿಷ್ಯರಲ್ಲಿ ಹಲವರು ಇಂದು ಉತ್ಸವ ಸಮಿತಿಗಳಲ್ಲಿ ಇದ್ದೀರಿ. ಮುಂದಿನ ಬಾರಿ ಸಿದ್ದಿ ಕಲಾವಿದರನ್ನು ಕರೆಯುವಾಗ ಏನನ್ನು ಪ್ರದರ್ಶಿಸಬೇಕೆಂದು ನೀವು ನಿರ್ಧರಿಸಬೇಡಿ, ಅವರನ್ನೇ ಕೇಳಿ. ಖಯಾಲ್ ಹಾಡುತ್ತೇನೆಂದರೆ ತಂಬೂರಿ, ತಬಲಾ ಒದಗಿಸಿ. ಸಂಭಾವನೆಯನ್ನು ಬೆಂಗಳೂರಿನ ಗಾಯಕರಿಗೆ ಕೊಡುವಷ್ಟೇ ಕೊಡಿ.